ಹದಿನೇಳು ಒಂದುಗಳು

ನಿವೃತ್ತಿಯ ಸಮಾರಂಭದಲ್ಲಿ ಶೇಷಣ್ಣ ವೇದಿಕೆಯ ಮೇಲೆ ನಿಂತು ಬೆರಳಿಟ್ಟು ಎಣಿಸತೊಡಗಿದಾಗ, ಮುಂದಿನ ಸಾಲಿನಲ್ಲಿ ಕೂತಿದ್ದ ಮಗಳಿಗೆ ಭೂಮಿ ಬಾಯಿಬಿಟ್ಟು ತನ್ನನ್ನು ಕುರ್ಚಿ ಸಮೇತ ನುಂಗಬಾರದೇ ಅನ್ನಿಸಿತು.

ಅವರು ಎಣಿಸುತ್ತಿದ್ದುದು ತಮಗೆ ಬಂದ ಉಡುಗೊರೆಯನ್ನು. ಬಸ್ಸು, ಸಿನಿಮಾ, ಸರ್ಕಸ್ಸು ಎಂದು ಊರಿನ ಸಕಲ ಟಿಕೆಟ್‌ಗಳನ್ನೂ ಅಚ್ಚು ಹಾಕುವ ಆ ಮುದ್ರಣಾಲಯದ ನಂಬರ್ ವಿಭಾಗದಲ್ಲಿ ಅವರು ಮೂವತ್ತೇಳು ವರ್ಷ ಬೆವರು ಸುರಿಸಿದ್ದರು. ಜೊತೆಯವರೆಲ್ಲ ಸೇರಿ, ಅವರಿಗೆ ಪ್ರಿಯವಾದುದನ್ನೇ ಕೊಡೋಣ ಎಂದು ಒಂದು ಮರದ ಚೌಕಟ್ಟಿನೊಳಗೆ ಸೀಸದ ಅಚ್ಚುಮೊಳೆಗಳನ್ನು ಸಾಲಾಗಿ ಕೂರಿಸಿ ಗಾಜು ಹಾಕಿಸಿದ್ದರು. ಅಚ್ಚುಮೊಳೆಗಳೆಲ್ಲ ಒಂದೇ ಅಂಕಿಯವು. ಅಂದರೆ ಎಲ್ಲವೂ ಒಂದು.

"ಹದಿನಾರೇ ಇದೆ," ಎಂದರು ಶೇಷಣ್ಣ, ಮೈಕಿನಲ್ಲಿ.

ಮ್ಯಾನೇಜರ್ ಇನ್ನೂ ನಗುತ್ತಲೇ ಇದ್ದರು. ಫೋಟೊಗೆಂದು ತಂದುಕೊಂಡ ನಗುವನ್ನು ವಾಪಸು ಕಳಿಸಲು ಅವರಿಗೆ ಸಮಯ ಸಿಕ್ಕಿರಲಿಲ್ಲ. "ಏನಂದ್ರಿ?"

"ಒಂದುಗಳು. ಹದಿನೇಳು ಇರಬೇಕಿತ್ತು. ಒಂದು ಕಮ್ಮಿ ಇದೆ."

"ಹೋಗ್ಲಿ ಬಿಡಿ ಶೇಷಣ್ಣ, ಒಂದು ಹೆಚ್ಚು ಒಂದು ಕಮ್ಮಿ, ಪ್ರೀತಿ ನೋಡಿ," ಎಂದು ಫೋರ್‌ಮನ್ ಹಿಂದಿನಿಂದ ಪಿಸುಗುಟ್ಟಿದ. ಅದೂ ಮೈಕಿಗೆ ಕೇಳಿಸಿತು.

"ಒಂದು ಕಮ್ಮಿಯಾದ್ರೆ ಇದು ಹನ್ನೊಂದರಿಂದ ಭಾಗ ಹೋಗುತ್ತಲ್ಲಪ್ಪಾ! ಹದಿನೇಳರಿಂದ ಹೋಗುತ್ತೆ. ಎಪ್ಪತ್ಮೂರರಿಂದ ಹೋಗುತ್ತೆ. ನೂರಾ ಒಂದರಿಂದಲೂ ಹೋಗುತ್ತೆ. ಇದೊಂದು ಸಂಖ್ಯೆನಾ? ಧರ್ಮಛತ್ರ ಇದು. ಬಂದೋರೆಲ್ಲ ಒಳಗೆ."

ಸಭೆ ಗೊಳ್ಳೆಂದಿತು. ಮ್ಯಾನೇಜರ್ ಹೂಗುಚ್ಛವನ್ನು ಅವರ ಕೈಗೆ ತುರುಕಿ ಮೈಕನ್ನು ಕಸಿದುಕೊಂಡರು. ಮಗಳ ಪಕ್ಕದಲ್ಲಿದ್ದ ಅಮ್ಮ, "ನಗೋರಿಗೇನು, ನಕ್ಕು ಮನೆಗೆ ಹೋಗ್ತಾರೆ. ಇವರ ಜೊತೆ ಮನೆಗೆ ಹೋಗೋಳು ನಾನು," ಎಂದು, ಮಾತು ಮುಗಿಯುವ ಮೊದಲೇ ಕೆಮ್ಮತೊಡಗಿದಳು.

ಶೇಷಣ್ಣ ಎಂಬುದು ಹುಟ್ಟುಹೆಸರಲ್ಲ. ಯಾರು ಏನು ಲೆಕ್ಕ ಹೇಳಿದರೂ "ಶೇಷ ಎಷ್ಟು ಉಳೀತು?" ಎಂದು ಕೇಳುವ ಅಭ್ಯಾಸದಿಂದ ಅಂಟಿದ ಹೆಸರು. ಅಂಟಿದ ಮೇಲೆ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಶೇಷವಾಗಿ ಉಳಿದಿತ್ತು.

ಈ ಹದಿನೇಳರ ಗೀಳು ಹತ್ತಿದ್ದು ಮಗಳಿಗೆ ಐದು ವರ್ಷವಿದ್ದಾಗ. ಟಿಕೆಟ್‌ಗಳಿಗೆ ನಂಬರ್ ಹೊಡೆಯುವ ಡಬ್ಬಿಗಳಲ್ಲಿ ಅಂಕಿಯ ಚಕ್ರಗಳಿರುತ್ತವೆ. ಹೊಸ ಕೆಲಸ ಹಿಡಿಯುವ ಮುನ್ನ ಚಕ್ರಗಳನ್ನೆಲ್ಲ ಒಂದಕ್ಕೆ ತಿರುಗಿಸಿ ಒಂದು ಕಾಗದದ ಪಟ್ಟಿಯ ಮೇಲೆ ಅಚ್ಚು ಹಾಕಿ ನೋಡುವುದು ಪದ್ಧತಿ. ಎಂಟು, ಒಂಬತ್ತುಗಳು ಮೈತುಂಬಿಕೊಂಡಿರುವುದರಿಂದ ಸ್ವಲ್ಪ ವಾಲಿದರೂ ತಿಳಿಯುವುದಿಲ್ಲ. ಒಂದು ಹಾಗಲ್ಲ, ಕಡ್ಡಿಯಂಥದ್ದು. ಕೂದಲೆಳೆ ಓರೆಯಾದರೂ ಸಿಕ್ಕಿಬೀಳುತ್ತದೆ. ಒಂದು ದಿನ ಮೂರು ಡಬ್ಬಿಗಳನ್ನು ಪಕ್ಕಪಕ್ಕ ಕೂರಿಸುವ ದೊಡ್ಡ ಕೆಲಸ ಬಂತು. ಆರು ಚಕ್ರದ್ದು, ಇನ್ನೊಂದು ಆರು ಚಕ್ರದ್ದು, ಐದು ಚಕ್ರದ್ದು. ಪರೀಕ್ಷೆಯ ಪಟ್ಟಿಯಲ್ಲಿ ಹದಿನೇಳು ಒಂದುಗಳು ಸಿಪಾಯಿಗಳ ಹಾಗೆ ನೆಟ್ಟಗೆ ನಿಂತಿದ್ದವು. ಶೇಷಣ್ಣ ಪಟ್ಟಿಯನ್ನು ಜೇಬಿಗಿಳಿಸಿ ಮನೆಗೆ ತಂದರು. ನೂರ ಹನ್ನೊಂದು ಕೋಟಿ ಕೋಟಿಯ ಮೇಲೆ ಇನ್ನಷ್ಟು! ಇಷ್ಟು ದೊಡ್ಡದನ್ನು ಯಾವ ಸಂಖ್ಯೆ ಶೇಷವಿಲ್ಲದೆ ಭಾಗಿಸೀತು?

ಮೊದಲು ಸಣ್ಣ ಸಾಲುಗಳನ್ನು ವಿಚಾರಿಸಿಕೊಂಡರು. ಎರಡು ಒಂದುಗಳೆಂದರೆ ಹನ್ನೊಂದು, ಅದು ಯಾರಿಗೂ ಜಗ್ಗದ ಅವಿಭಾಜ್ಯ. ಮೂರು ಒಂದುಗಳು ಮೂರಕ್ಕೇ ಶರಣಾದವು. ಐದು ಒಂದುಗಳು ನಲವತ್ತೊಂದಕ್ಕೆ, ಏಳು ಒಂದುಗಳು ಇನ್ನೂರ ಮೂವತ್ತೊಂಬತ್ತಕ್ಕೆ ಬಗ್ಗಿದವು. ಹನ್ನೊಂದು ಒಂದುಗಳು ಕೆಲವು ತಿಂಗಳು ಸತಾಯಿಸಿ ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತಕ್ಕೆ ಸೋತವು. ಹದಿಮೂರು ಒಂದುಗಳಂತೂ ಬರೀ ಐವತ್ಮೂರಕ್ಕೆ ಮುರಿದುಬಿದ್ದವು. ಉಳಿದವೆಲ್ಲ ಹನ್ನೊಂದಕ್ಕೋ ಮೂರಕ್ಕೋ ಐದರ ಸಾಲಿನ ನಲವತ್ತೊಂದಕ್ಕೋ ತಲೆಬಾಗುವಂಥವು. ಹದಿನೇಳು ಬಗ್ಗಲಿಲ್ಲ.

ಆಗ ಶೇಷಣ್ಣ ಪಟ್ಟು ಹಿಡಿದರು. ಮುದ್ರಣಾಲಯದ ಹಳೆ ಪುಸ್ತಕಗಳ ರಾಶಿಯಲ್ಲಿ, ನೂರು ಲಕ್ಷದವರೆಗಿನ ಅವಿಭಾಜ್ಯ ಸಂಖ್ಯೆಗಳನ್ನು ಪಟ್ಟಿ ಮಾಡಿದ ಒಂದು ದಪ್ಪ ಗ್ರಂಥವಿತ್ತು. ಅದನ್ನು ಹೊತ್ತು ತಂದು, ದಿನಕ್ಕೆ ಹದಿನೇಳು ಅವಿಭಾಜ್ಯಗಳಂತೆ ಒಂದೊಂದರಿಂದಲೂ ಕೈಯಾರೆ ಭಾಗಿಸತೊಡಗಿದರು. ಹಲಗೆಯ ಮೇಲೆ ಭಾಗಾಕಾರ, ನೋಟ್‌ಬುಕ್ಕಿನಲ್ಲಿ ಭಾಜಕ ಮತ್ತು ಶೇಷ. ದಿನಕ್ಕೊಂದು ಪುಟ, ಪುಟಕ್ಕೆ ಹದಿನೇಳು ಸಾಲು. ಕೆಲಸಕ್ಕೆ ಹೋಗುವ ಮುನ್ನ ಒಂದು ಗಂಟೆ, ಬಂದ ಮೇಲೆ ಅರ್ಧ ಗಂಟೆ. ಲೋಕದ ಜನ ಕಾಲ ಕಳೆಯುತ್ತಾರೆ; ಇವರು ಭಾಗಿಸಿದರು.

ಮಗಳು ಓದು ಕಲಿತದ್ದೇ ಆ ಗ್ರಂಥದಿಂದ. ಅವಳು ಭಾಜಕವನ್ನು ಗಟ್ಟಿಯಾಗಿ ಓದಬೇಕು, ಅಪ್ಪ ಭಾಗಿಸಬೇಕು, ಅಮ್ಮ ಟೀ ತಂದಿಡುತ್ತ "ಇವತ್ತಾದ್ರೂ ಸಿಕ್ತಾ?" ಎಂದು ಕೇಳಬೇಕು. ಬೇರೆ ಮನೆಗಳಲ್ಲಿ ಕಾಣೆಯಾದ ಮಗನ ಬಗ್ಗೆ ಕೇಳುವ ಹಾಗೆ. "ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತಾರೆ. ನಿಮ್ಮಪ್ಪ ಲೆಕ್ಕಕ್ಕುಂಟು, ಬೇರೆ ಯಾವ ಆಟಕ್ಕೂ ಇಲ್ಲ," ಎನ್ನುತ್ತಿದ್ದಳು ಅಮ್ಮ. ಆ ವರ್ಷಗಳಲ್ಲಿ ಅದನ್ನು ಹೇಳುವಾಗ ಅವಳು ನಗುತ್ತಿದ್ದಳು.

ಅವರ ಮನೆ ಮುದ್ರಣಾಲಯದ ಮೇಲೆಯೇ. ಎರಡು ಕೋಣೆ, ಒಂದು ಒಲೆ, ಬೀದಿಗೆ ತೆರೆಯುವ ಒಂದು ಕಿಟಕಿ. ಕೆಳಗೆ ಯಂತ್ರ ಓಡಿದರೆ ಮೇಲೆ ಪಾತ್ರೆಗಳು ಸಣ್ಣಗೆ ಮಾತಾಡಿಕೊಳ್ಳುತ್ತಿದ್ದವು. ಮಸಿಯ ವಾಸನೆ, ಅಚ್ಚುಮೊಳೆ ತೊಳೆಯುವ ಸೀಮೆಎಣ್ಣೆಯ ವಾಸನೆ ಮೆಟ್ಟಿಲು ಹತ್ತಿ ಬಂದು ಹಾಸಿಗೆಯಲ್ಲಿ ಮಲಗುತ್ತಿತ್ತು. ಒಣಹಾಕಿದ ಬಟ್ಟೆ ತೊಡುವ ಮೊದಲೇ ಮಸಿಯ ಬಣ್ಣಕ್ಕೆ ತಿರುಗುತ್ತಿತ್ತು. ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ಅಮ್ಮನ ಕೆಮ್ಮು ಮನೆಯ ನಾಲ್ಕನೆಯ ಸದಸ್ಯನಾಗಿತ್ತು.

ಡಾಕ್ಟರು ಎದೆಗೆ ಕೊಳವೆಯಿಟ್ಟು ಕೇಳಿ, "ಔಷಧಿ ನಾನು ಕೊಡ್ತೀನಿ. ಗಾಳಿ ನೀವು ಕೊಡಿ," ಎಂದರು ಶೇಷಣ್ಣನಿಗೆ. "ಈ ಜಾಗದಿಂದ ಇವರನ್ನ ಮೊದಲು ಹೊರಗೆ ಕರಕೊಂಡು ಹೋಗಿ."

ಹೋಗಲು ಜಾಗವಿತ್ತು. ಅಮ್ಮನ ತಂಗಿಯ ಮನೆ ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ, ಬೆಟ್ಟದ ಬದಿಯ ಸಣ್ಣ ಊರು. ಮನೆಯ ಹಿಂದೆ ಎರಡು ಕೋಣೆ ಖಾಲಿ ಬಿದ್ದಿದ್ದವು. "ಬಂದುಬಿಡೆ ಅಕ್ಕಾ, ಭಾವನ್ನೂ ಅವರ ಸಂಖ್ಯೆನೂ ಕರಕೊಂಡೇ ಬಾ," ಎಂದು ಚಿಕ್ಕಮ್ಮ ಕಾಗದ ಬರೆಯುತ್ತಲೇ ಇದ್ದಳು. ಒಮ್ಮೆ ಮೂವರೂ ಹೋಗಿ ನಾಲ್ಕು ದಿನ ಇದ್ದು ಬಂದರು. ಶೇಷಣ್ಣ ಅಲ್ಲೂ ಒಂದು ಹಳೆಯ ಮೇಜಿನ ಮೇಲೆ ನೋಟ್‌ಬುಕ್ ಹರಡಿಕೊಂಡು ದಿನಕ್ಕೆ ಹದಿನೇಳು ಭಾಗಿಸಿದರು. ಆ ನಾಲ್ಕು ದಿನ ಅಮ್ಮ ಕೆಮ್ಮದೆ ನಿದ್ದೆ ಮಾಡಿದಳು. ಮಗಳು ಮೊದಲ ದಿನ ಗಾಬರಿಯಾಗಿ, ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡಿದ್ದಳು.

ವಾಪಸು ಬಂದ ದಿನ ಅಮ್ಮ ಚೀಲ ಕೆಳಗಿಟ್ಟು, ಮೆಟ್ಟಿಲು ಹತ್ತಿದ ಏದುಸಿರಿನಲ್ಲೇ ಕೇಳಿದಳು. "ರೀ, ಅಲ್ಲಿಗೇ ಹೋಗಿಬಿಡೋಣ್ವಾ? ಅಲ್ಲೂ ಟಿಕೆಟ್ ಹರೀತಾರೆ, ಅಲ್ಲೂ ಅಚ್ಚು ಹಾಕ್ತಾರೆ."

"ಮಧ್ಯದಲ್ಲಿ ಜಾಗ ಬದಲಾಯಿಸಿದ್ರೆ ಲೆಕ್ಕ ತಪ್ಪುತ್ತೆ ಕಣೇ."

"ಹಾಗಾದ್ರೆ ಯಾವಾಗ?"

ಶೇಷಣ್ಣ ಸುಳ್ಳು ಹೇಳುವವರಲ್ಲ. ತಲೆ ಕೆರೆದುಕೊಂಡು ಯೋಚಿಸಿದರು. "ಭಾಗ ಹೋಗೋ ಸಂಖ್ಯೆ ಸಿಗಲಿ. ಸಿಕ್ಕಿದ ದಿನ ನೋಟ್‌ಬುಕ್ ಮುಚ್ಚಿಬಿಡ್ತೀನಿ. ಮಾರನೇ ದಿನ ಬಸ್ಸು ಹತ್ತೋಣ. ಮಾತಿಗೆ ತಪ್ಪಲ್ಲ."

ಅಂದಿನಿಂದ ಅಮ್ಮನ "ಸಿಕ್ತಾ?" ಬೇರೆಯೇ ಆಯಿತು. ಇಬ್ಬರೂ ಒಂದೇ ಸೊನ್ನೆಗೆ ಕಾಯುತ್ತಿದ್ದರು. ಅವರಿಗೆ ಬೇಕಾಗಿದ್ದು ಶೇಷದ ಜಾಗದಲ್ಲಿ ಬರುವ ಸೊನ್ನೆ. ಅವಳಿಗೆ ಬೇಕಾಗಿದ್ದು ಆ ಸೊನ್ನೆಯ ಆಚೆಗಿನ ಗಾಳಿ. ವರ್ಷಗಳು ಉರುಳಿದವು. ಮಗಳು ಓದು ಮುಗಿಸಿ ಹವಾಮಾನ ಕಚೇರಿಯಲ್ಲಿ ಕೆಲಸಕ್ಕೆ ಸೇರಿದಳು. ಊರಿನ ಇನ್ನೊಂದು ತುದಿಯಲ್ಲಿ ಕೋಣೆ ಮಾಡಿಕೊಂಡಳು. ಮದುವೆಯ ಮಾತು ಎರಡು ಸಲ ಬಂದು, ಎರಡು ಸಲವೂ ಭಾಗ ಹೋಗದೆ ನಿಂತಿತು. ಭಾನುವಾರಗಳಂದು ಬಂದರೆ ಅಪ್ಪ ಹಲಗೆಯ ಮುಂದೆ, ಅಮ್ಮ ಕಿಟಕಿಯ ಮುಂದೆ. ಅಮ್ಮ ಕಿಟಕಿಯಿಂದ ಬೀದಿ ನೋಡುತ್ತಿದ್ದಾಳೆಂದು ಮಗಳು ಎಷ್ಟೋ ದಿನ ತಿಳಿದಿದ್ದಳು. ಅವಳು ಬಸ್ಸುಗಳನ್ನು ನೋಡುತ್ತಿದ್ದಳು.

ನಿವೃತ್ತಿಯಾದರೂ ಆ ಎರಡು ಕೋಣೆಗಳಲ್ಲಿ ಇರಲು ಮಾಲೀಕರು ಒಪ್ಪಿದ್ದರು. ನಿವೃತ್ತಿಯ ಮಾರನೆಯ ದಿನದಿಂದಲೇ ಹಲಗೆ ಬೆಳಗ್ಗೆ ಬೇಗ ಹೊರಬಂತು.

ಎರಡು ವರ್ಷ ತುಂಬುತ್ತ ಬಂದಾಗ ಅಮ್ಮನಿಗೆ ಮೆಟ್ಟಿಲು ಇಳಿಯುವುದೂ ಆಗದಂತಾಯಿತು. ಡಾಕ್ಟರು ಮಗಳನ್ನು ಪಕ್ಕಕ್ಕೆ ಕರೆದು, "ನಿಮ್ಮ ತಂದೆಗೆ ಹೇಳಿ ಹೇಳಿ ನನ್ನ ಎದೆಯೇ ನೋಯೋಕೆ ಶುರುವಾಗಿದೆ. ಇನ್ನೂ ಇಲ್ಲೇ ಇಟ್ಟರೆ ಹೆಚ್ಚು ದಿನ ಇಲ್ಲ," ಎಂದರು. ಅಂದು ಮಗಳು ಅಪ್ಪನಿಗೆ ಕೊಟ್ಟ ಮಾತು ಮುರಿಯಲು ತೀರ್ಮಾನಿಸಿದಳು. ಕಂಪ್ಯೂಟರನ್ನು ಕೇಳಕೂಡದು ಎಂದು ಅಪ್ಪ ಎಂದೋ ಆಣೆ ಹಾಕಿಸಿದ್ದರು. "ಇನ್ನೊಬ್ಬರು ಅಗಿದಿದ್ದು ನನಗೆ ಬೇಡ," ಎಂಬುದು ಅವರ ವಾದ.

ಅವಳ ಉಪಾಯ ಸರಳವಾಗಿತ್ತು. ಉತ್ತರ ಯಂತ್ರದಿಂದ ತಿಳಿದುಕೊಳ್ಳುವುದು. ಅಪ್ಪ ಅಲ್ಲಿಗೆ ತಲುಪಲು ಎಷ್ಟು ಪುಟ ಬಾಕಿ ಎಂದು ನೋಡುವುದು. ಹೇಗೋ ಪುಸಲಾಯಿಸಿ ಆ ಪುಟಕ್ಕೆ ಹಾರಿಸುವುದು. ನಾಳೆ ಮಳೆ ಬರುತ್ತದೆಯೇ ಎಂದು ತಪ್ಪಾಗಿ ಹೇಳಲು ಅರ್ಧ ದಿನ ತೆಗೆದುಕೊಳ್ಳುತ್ತಿದ್ದ ಕಚೇರಿಯ ಕಂಪ್ಯೂಟರು, ಇದನ್ನು ಸರಿಯಾಗಿ ಹೇಳಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ತೆಗೆದುಕೊಳ್ಳಲಿಲ್ಲ. ಹದಿನೇಳು ಒಂದುಗಳು ಎರಡೇ ಎರಡು ಅವಿಭಾಜ್ಯಗಳ ಗುಣಲಬ್ಧ. ಅದರಲ್ಲಿ ಚಿಕ್ಕದು ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ ಏಳುನೂರ ಇಪ್ಪತ್ಮೂರು.

ಮಗಳು ಅದನ್ನು ಎರಡು ಸಲ ಓದಿದಳು. ಕಳೆದ ಭಾನುವಾರ ಅಪ್ಪ ಇಪ್ಪತ್ತೆರಡು ಲಕ್ಷ ದಾಟಿದ್ದರು.

ಮಾರನೆಯ ದಿನ ರಜೆ ಹಾಕಿ, ಅಪ್ಪ ತರಕಾರಿಗೆ ಹೋಗುವ ಹೊತ್ತು ನೋಡಿಕೊಂಡು ಮೆಟ್ಟಿಲು ಹತ್ತಿದಳು. ನೋಟ್‌ಬುಕ್ಕುಗಳು ಗೋಡೆಯ ಗೂಡಿನಲ್ಲಿ ವರ್ಷವಾರು ಸಾಲಾಗಿದ್ದವು, ಹುಡುಕಲು ಕಷ್ಟವಾಗಲಿಲ್ಲ. ನಿವೃತ್ತಿಯಾದ ನಾಲ್ಕನೆಯ ತಿಂಗಳ ಒಂದು ಪುಟ. ಮೇಲಿಂದ ಕೆಳಗಿನವರೆಗೆ ಟೀ ಹರಿದು ಶಾಯಿ ಕಲಸಿಹೋಗಿತ್ತು. ಅಡ್ಡಡ್ಡಕ್ಕೆ ಎರಡು ಗೆರೆ. ನಡುವೆ ಕೆಂಪು ಮುದ್ರೆ: ರದ್ದು. ಮುಂದಿನ ಪುಟ ಹೊಸ ಭಾಜಕದಿಂದ ಶುರುವಾಗಿತ್ತು. ಕಲಸಿದ ಪುಟದಲ್ಲಿ ಇರಬೇಕಾದ ಹದಿನೇಳು ಭಾಜಕಗಳನ್ನು ಅವಳು ಗ್ರಂಥದಲ್ಲಿ ನೋಡಿದಳು. ಅವುಗಳ ನಡುವೆ ಅದು ಕೂತಿತ್ತು.

ಏನಾಗಿದೆ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮುದ್ರಣಾಲಯದ ಮೇಲೆ ಬೆಳೆದವಳು. ನಂಬರ್ ವಿಭಾಗದ ಮೊದಲ ನೇಮವೇ ಅದು. ಟಿಕೆಟ್ ಕೆಟ್ಟರೆ ಅದರ ನಂಬರನ್ನು ಮತ್ತೆ ಹೊಡೆಯುವಂತಿಲ್ಲ. ರದ್ದು ಮುದ್ರೆ ಹಾಕಿ ಮುಂದಿನ ನಂಬರಿಗೆ ಹೋಗಬೇಕು. ಒಂದು ನಂಬರ್ ಬಾರದಿದ್ದರೆ ಯಾರೂ ಕೇಳುವುದಿಲ್ಲ. ಒಂದೇ ನಂಬರ್ ಎರಡು ಸಲ ಬಂದರೆ ಒಂದೇ ಕುರ್ಚಿಗೆ ಇಬ್ಬರು ಹೊಡೆದಾಡುತ್ತಾರೆ. ಮೂವತ್ತೇಳು ವರ್ಷ ಕೈಗೆ ಕೂತ ಅಭ್ಯಾಸ. ಟೀ ಚೆಲ್ಲಿದೆ, ಪುಟ ಕೆಟ್ಟಿದೆ, ಕೈ ತಾನಾಗಿ ಮುದ್ರೆ ಹೊಡೆದಿದೆ, ಮುಂದಕ್ಕೆ ಹೋಗಿದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಭಾಗಾಕಾರ ಮಾಡಿ, ಬೇಕಾದ ಒಂದೇ ಒಂದರ ಮೇಲೆ ರದ್ದು ಎಂದು ಹೊಡೆದಿದ್ದರು.

"ಏನದು?" ಎಂದಳು ಅಮ್ಮ ಕಿಟಕಿಯ ಬಳಿಯಿಂದ.

ಮಗಳು ಹೇಳಿದಳು. ಹೇಳುವಾಗ ಖುಷಿಯೂ ಇತ್ತು. ಇನ್ನೇನು, ಅಪ್ಪ ಬಂದ ಕೂಡಲೇ ತೋರಿಸಿದರಾಯಿತು, ನಾಳೆ ಬಸ್ಸು.

ಅಮ್ಮ ಪುಟವನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳ ಮುಖ ಟೀ ಕಲೆಯ ಬಣ್ಣಕ್ಕೆ ತಿರುಗಿತು. "ಇದು ನಾನು ಚೆಲ್ಲಿದ್ದು ಕಣೇ. ಲೋಟ ಇಡೋವಾಗ ಕೆಮ್ಮು ಬಂತು. ಪೂರ್ತಿ ಮೇಲೇ ಬಿತ್ತು. ಇವರು ಒಂದು ಮಾತೂ ಬೈಲಿಲ್ಲ."

"ಅಮ್ಮಾ, ಅದಕ್ಕೆ ನೀನೇನು ಮಾಡೋಕಾಗುತ್ತೆ? ಈಗ ಹೇಳೋಣ."

"ಬೇಡ."

"ಬೇಡ? ಇಷ್ಟು ವರ್ಷ ಇದಕ್ಕೇ ತಾನೇ ಕಾದಿದ್ದು?"

"ಇಪ್ಪತ್ತೈದು ವರ್ಷ ಒಂದನ್ನೂ ಬಿಡದೆ ಭಾಗಿಸಿದೋರು. ಬಿಟ್ಟಿದ್ದು ಅದೊಂದನ್ನೇ ಅಂತ ಗೊತ್ತಾದ್ರೆ ಆ ಮನುಷ್ಯ ಉಳೀತಾರಾ? ಬಸ್ಸು ಹತ್ತಿ ಯಾರ ಜೊತೆ ಹೋಗ್ಲಿ ನಾನು?" ಅವಳು ಪುಟ ಮುಚ್ಚಿದಳು. "ಅದೂ ನನ್ನ ಕೈಯಿಂದ ಆಗಿದ್ದು. ಆಣೆ ಹಾಕು, ಹೇಳಲ್ಲ ಅಂತ."

"ಹಾಗಾದ್ರೆ ಮುಂದೆ ಯಾವಾಗ ಸಿಗುತ್ತೆ ಅಂದ್ಕೊಂಡಿದ್ದೀಯ? ಇನ್ನೊಂದು ಭಾಜಕ ಐನೂರು ಕೋಟಿ ದಾಟಿದೆ. ದಿನಕ್ಕೆ ಹದಿನೇಳರಂತೆ ಅಪ್ಪನಿಗೆ ಎಷ್ಟು ಜನ್ಮ ಬೇಕು ಗೊತ್ತಾ?"

"ಏನೇನೋ ಲೆಕ್ಕ ಹೇಳಬೇಡ. ನಿಮ್ಮಪ್ಪನ ಮಗಳು ನೀನು ಅಂತ ಗೊತ್ತು," ಎಂದು ಅಮ್ಮ ನಗಲು ನೋಡಿದಳು. ನಗು ಅರ್ಧ ದಾರಿಯಲ್ಲಿ ಕೆಮ್ಮಾಯಿತು.

ಅಂದು ಸಂಜೆ ಅಪ್ಪ ಸೌತೆಕಾಯಿ ಇಳಿಸಿ, ಕೈತೊಳೆದು, ಹಲಗೆ ತೆಗೆದರು. ಅಮ್ಮ ಟೀ ತಂದು, ನೋಟ್‌ಬುಕ್ಕಿನಿಂದ ಒಂದು ಮೊಳ ದೂರದಲ್ಲಿ ಎರಡೂ ಕೈಯಲ್ಲಿ ಲೋಟ ಹಿಡಿದು ಇಟ್ಟಳು. "ಸಿಕ್ತಾ?" ಎಂದಳು.

"ಇಲ್ಲ ಕಣೇ."

"ಸಿಗುತ್ತೆ ಬಿಡಿ."

ಹೀಗೆ ಎರಡು ವರ್ಷ ದಿನಾ ಕೇಳಿದಳು. ಅವಳ ಮಾತಿನಲ್ಲಿ ಒಂದು ದಿನವೂ ವ್ಯಂಗ್ಯ ಸುಳಿಯಲಿಲ್ಲ. ಒಂದು ಮಧ್ಯಾಹ್ನ, ಕೆಳಗೆ ಯಂತ್ರ ಓಡುತ್ತಿರುವಾಗ, ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂತಲ್ಲೇ ಸತ್ತಳು. ಪಾತ್ರೆಗಳು ಗಿಜಿಗಿಜಿ ಮಾತಾಡುತ್ತಿದ್ದುದರಿಂದ ಕೆಮ್ಮು ನಿಂತದ್ದು ತಕ್ಷಣ ಯಾರಿಗೂ ಗೊತ್ತಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಮಗಳು ಆ ದಿನದ ಪುಟ ತೆಗೆದು ನೋಡಿದಳು. ನೋಡಬಾರದಿತ್ತು. ಹದಿನೇಳು ಸಾಲೂ ಇದ್ದವು.

ಅದಾಗಿ ಮೂರು ವರ್ಷಕ್ಕೆ ಮುದ್ರಣಾಲಯ ಮುಚ್ಚಿತು. ಟಿಕೆಟ್‌ಗಳು ಜನರ ಫೋನಿನೊಳಗೆ ಹೋಗಿ ಕೂತಿದ್ದವು. ಯಂತ್ರಗಳನ್ನು ಗುಜರಿಯವರು ಹೊತ್ತೊಯ್ದರು. ಕಟ್ಟಡ ಕೆಡವುವ ನೋಟಿಸು ಬಾಗಿಲಿಗೆ ಅಂಟಿತು. ಅಕ್ಕಪಕ್ಕದವರು ಖಾಲಿ ಮಾಡಿದರು. ಒಂದು ಭಾನುವಾರ ಬೆಳಗ್ಗೆ ಮಗಳು ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹೊತ್ತು ಬಂದಳು. ಕೆಳಗೆ ಯಂತ್ರವಿಲ್ಲದ ಮನೆ ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಅಪ್ಪನ ಪೆನ್ನು ಕಾಗದದ ಮೇಲೆ ಓಡುವುದು ಮೆಟ್ಟಿಲಿಗೇ ಕೇಳಿಸುತ್ತಿತ್ತು.

"ಅಪ್ಪಾ, ಏಳಿ. ಪಾತ್ರೆಯಿಂದ ಶುರು ಮಾಡ್ತೀನಿ. ನನ್ನ ಕೋಣೆ ಚಿಕ್ಕದು, ಆದ್ರೂ ಇಬ್ಬರಿಗೆ ಸಾಕು."

ಶೇಷಣ್ಣ ತಲೆಯೆತ್ತಲಿಲ್ಲ. ಇಪ್ಪತ್ತೇಳು ಲಕ್ಷದ ಆಸುಪಾಸಿನಲ್ಲಿದ್ದರು. "ಸಿಗಲಿ ತಾಳಮ್ಮ. ಸಿಕ್ಕಿದ ದಿನ ಬರ್ತೀನಿ."

ಅದೇ ಮಾತು. ಅಮ್ಮನಿಗೆ ಹೇಳಿದ್ದು ಇದನ್ನೇ, ಇದೇ ದನಿಯಲ್ಲಿ. ಮಗಳೊಳಗೆ ಏನೋ ಕಿತ್ತುಹೋಯಿತು. ಸತ್ತವಳಿಗೆ ಹಾಕಿದ ಆಣೆಯನ್ನು ಬದುಕಿದ್ದವರ ಮುಖಕ್ಕೆ ಎಸೆಯಬೇಕೆನಿಸಿತು. ಆದರೂ ಏನಾದರೂ ಆದೀತೆಂದು ಮೊದಲು ಒಂದು ಲೋಟ ನೀರು ತಂದಿಟ್ಟಳು. ಡಾಕ್ಟರ ನಂಬರು ಫೋನಿನಲ್ಲಿದೆಯೇ ಎಂದು ನೋಡಿಕೊಂಡಳು. ಆಮೇಲೆ ಅವರ ಕೈಯಿಂದ ಪೆನ್ನು ತೆಗೆದುಕೊಂಡು ನೋಟ್‌ಬುಕ್ಕಿನ ಮೂಲೆಯಲ್ಲಿ ಏಳು ಅಂಕಿ ಬರೆದಳು. 2071723.

"ಇದು," ಎಂದಳು. "ಇದರಿಂದ ಭಾಗ ಹೋಗುತ್ತೆ. ನೀವು ಬಿಟ್ಟುಬಿಟ್ರಿ."

ಶೇಷಣ್ಣ ಅಂಕಿಗಳನ್ನು ನೋಡಿದರು. ಹಳೆಯ ನೆರೆಮನೆಯವರನ್ನು ಬಸ್ ನಿಲ್ದಾಣದಲ್ಲಿ ಕಂಡ ಹಾಗೆ.

"ಹೂಂ," ಎಂದರು. "ಐನೂರ ಮೂವತ್ತಾರು ಕೋಟಿ ಮೂವತ್ತೆರಡು ಲಕ್ಷ ಇಪ್ಪತ್ತೆರಡು ಸಾವಿರದ ಮುನ್ನೂರ ಐವತ್ತೇಳು ಸಲ ಹೋಗುತ್ತೆ. ಶೇಷ ಸೊನ್ನೆ."

ಕಿಟಕಿಯ ಆಚೆ ಯಾರೋ ಸೈಕಲ್ಲಿನ ಗಂಟೆ ಹೊಡೆದುಕೊಂಡು ಹೋದರು. ಮಗಳು ನೀರಿನ ಲೋಟವನ್ನು ತಾನೇ ಎತ್ತಿಕೊಂಡು ಕುಡಿದಳು.

"ನಿಮಗೆ ಗೊತ್ತಿತ್ತು."

"ಭಾಗಿಸಿದೋನು ನಾನಲ್ವಾ?"

"ಆ ಪುಟಕ್ಕೆ ಟೀ ಚೆಲ್ಲಿತ್ತು! ರದ್ದು ಮಾಡಿದ್ದೀರಿ!"

"ಚೆಲ್ಲಿದ್ದು ಆಮೇಲೆ. ಸೊನ್ನೆ ಬರೆದು ಪೆನ್ನು ಕೆಳಗಿಟ್ಟಿದ್ದೆ. ಅವಳನ್ನ ಕರೆಯೋಣ ಅಂತಲೇ ಇದ್ದೆ. ಅಷ್ಟರಲ್ಲಿ ಟೀ ತಂದಳು, ಕೆಮ್ಮಿದಳು, ಚೆಲ್ಲಿತು." ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಒಂದು ಕ್ಷಣ ನೋಡಿದೆ. ಸೊನ್ನೆ ಕಲಸಿಹೋಗಿತ್ತು. ಕೆಟ್ಟ ಪುಟಕ್ಕೆ ಮುದ್ರೆ ಹೊಡೆಯೋದು ನೇಮ ತಾನೇ. ಹೊಡೆದೆ."

"ಅಮ್ಮನಿಗೆ ಗೊತ್ತಾಗಿತ್ತು ಅಪ್ಪಾ. ನಾನೇ ಹೇಳಿದ್ದೆ. ತನ್ನ ಕೆಮ್ಮಿಂದ ನಿಮ್ಮ ಇಪ್ಪತ್ತೈದು ವರ್ಷ ನೀರುಪಾಲಾಯ್ತು ಅಂತ ಸಾಯೋವರೆಗೂ ಕೊರಗಿದಳು. ನಿಮ್ಮ ಮನಸ್ಸು ಮುರಿಯುತ್ತೆ ಅಂತ ಬಾಯಿ ಬಿಡಲಿಲ್ಲ."

ಕನ್ನಡಕ ಒರೆಸುತ್ತಿದ್ದ ಕೈ ನಿಂತಿತು. "ದಿನಾ ಸಿಕ್ತಾ ಅಂತ ಕೇಳ್ತಿದ್ದಳಲ್ಲ?"

"ಕೇಳ್ತಿದ್ದಳು."

"ಗೊತ್ತಿದ್ದೂ?"

"ನೀವು ಇಲ್ಲ ಅಂತಿದ್ರಲ್ಲ, ಗೊತ್ತಿದ್ದೂ."

ಶೇಷಣ್ಣ ಅಳುತ್ತಾರೇನೋ ಎಂದು ಮಗಳು ಕಾದಳು. ಅವರು ಅತ್ತರೆ ತಾನೂ ಅಳಬಹುದಿತ್ತು. ಅವರು ಕನ್ನಡಕ ಹಾಕಿಕೊಂಡರು ಅಷ್ಟೇ. ಹಾಕಿಕೊಂಡ ಮೇಲೆ ಕಣ್ಣುಗಳು ದೊಡ್ಡದಾಗಿ, ಖಾಲಿಯಾಗಿ ಕಂಡವು.

"ಸಿಕ್ಕಿದ ಮೇಲೂ ಏಳು ವರ್ಷ ಏನು ಭಾಗಿಸ್ತಿದ್ರಿ ಮತ್ತೆ?"

"ಅದನ್ನೇ."

"ಇನ್ನೊಂದು ಸಿಗಬಹುದು ಅಂತಲಾ?"

"ಛೆ, ಸಿಗಲ್ಲ. ಅದಕ್ಕಿಂತ ಚಿಕ್ಕದನ್ನೆಲ್ಲ ನೋಡಿ ಆಗಿತ್ತಲ್ಲ. ಅವು ಇಡೀ ಸಂಖ್ಯೆಯನ್ನೇ ಭಾಗಿಸದಿದ್ದ ಮೇಲೆ ಆ ಐನೂರು ಕೋಟಿಯದನ್ನ ಎಲ್ಲಿಂದ ಭಾಗಿಸ್ತಾವೆ? ಅದೂ ಅವಿಭಾಜ್ಯವೇ. ಎರಡೇ ಇರೋದು." ಪಾಠ ಹೇಳುವವರ ಹಾಗೆ ಎರಡು ಬೆರಳು ತೋರಿಸಿದರು. "ಈ ಏಳು ವರ್ಷ ಹಾಕಿದ್ದಕ್ಕೆಲ್ಲ ಶೇಷ ಉಳಿದೇ ಉಳಿಯುತ್ತೆ ಅಂತ ಗೊತ್ತಿತ್ತು. ಉಳೀತು."

ಮಗಳು ಗೂಡಿನಲ್ಲಿದ್ದ ನೋಟ್‌ಬುಕ್ಕುಗಳನ್ನು ನೋಡಿದಳು. ಕೊನೆಯ ಏಳು ವರ್ಷದವು ಮಿಕ್ಕವುಗಳಂತೆಯೇ ಅಂದವಾಗಿದ್ದವು. ಸಾಲು ಓರೆಯಾಗಿರಲಿಲ್ಲ, ಒಂದೂ ಅಂಕಿ ಅವಸರದ್ದಾಗಿರಲಿಲ್ಲ. ಸುಳ್ಳು ಇಷ್ಟು ಮುತ್ತಿನಂಥ ಅಕ್ಷರದಲ್ಲಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಅಲ್ಲ, ಅದು ಸುಳ್ಳೂ ಅಲ್ಲ. ಪ್ರತಿಯೊಂದು ಶೇಷವೂ ಸರಿಯಾಗಿಯೇ ಇತ್ತು.

ಅವಳು ರಟ್ಟಿನ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಅಪ್ಪನ ಎದುರು ಕೂತಳು. ಏನು ಉತ್ತರ ಬರಬಹುದೆಂದು ಅವಳೇ ಮನಸ್ಸಿನಲ್ಲಿ ಸಾಲಾಗಿ ಇಟ್ಟುಕೊಂಡಿದ್ದಳು. ಮುಗಿದರೆ ಮುಂದೇನು ಎಂಬ ಭಯ ಎನ್ನಬಹುದು. ಇಪ್ಪತ್ತೈದು ವರ್ಷದ ಜೊತೆಯನ್ನು ಬಿಡಲಾಗಲಿಲ್ಲ ಎನ್ನಬಹುದು. ಹುಚ್ಚು ಎಂದು ತಾವೇ ಒಪ್ಪಿಕೊಳ್ಳಬಹುದು. ಯಾವುದನ್ನು ಹೇಳಿದರೂ, ಕ್ಷಮಿಸದಿದ್ದರೂ, ಹಿಡಿದುಕೊಂಡು ಬದುಕಲು ಅವಳಿಗೆ ಒಂದು ಕಾರಣ ಸಿಗುತ್ತಿತ್ತು.

"ಅಪ್ಪಾ, ಒಂದೇ ಒಂದು ಹೇಳಿ. ಚಿಕ್ಕಮ್ಮನ ಊರಿಗೆ ಹೋಗಿದ್ರೆ ಅಮ್ಮ ಇನ್ನೊಂದಷ್ಟು ವರ್ಷ ಇರ್ತಿದ್ದಳು. ಡಾಕ್ಟರು ನಿಮಗೇ ಹೇಳಿದ್ರು. ಸಿಕ್ಕಿದ ದಿನ ಹೋಗ್ತೀನಿ ಅಂತ ಮಾತು ಕೊಟ್ಟಿದ್ದೋರು ನೀವು. ಸಿಕ್ಕಿತು. ಯಾಕೆ ಹೋಗಲಿಲ್ಲ?"

ಶೇಷಣ್ಣ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿ, ಪ್ರಾಮಾಣಿಕವಾಗಿ ಯೋಚಿಸಿದರು.

"ನಿಮ್ಮ ಚಿಕ್ಕಮ್ಮನ ಮನೇಲಿ," ಎಂದರು, "ಮೇಜು ಅಲ್ಲಾಡುತ್ತೆ ಕಣಮ್ಮ."